ಎರಡು ಸ್ವಿಚ್, ಎರಡು ಕೇಬಲ್: ಒಂದು ಕೈಕೊಟ್ಟರೂ ಆಫೀಸು ನಿಲ್ಲಬಾರದು ಅಂದರೆ ಹೀಗೆ ಜೋಡಿಸಿ

ಕೆಲವು ವರ್ಷದ ಹಿಂದೆ ರಾಜಾಜಿನಗರದ ಒಂದು ಆಫೀಸಿನಿಂದ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. "ಸಾರ್, ನೆಟ್ ಇಲ್ಲ, ಬಿಲ್ಲಿಂಗ್ ಓಪನ್ ಆಗ್ತಿಲ್ಲ, ಪ್ರಿಂಟರೂ ಇಲ್ಲ. ಏನೂ ಇಲ್ಲ." ಹೋಗಿ ರ‍್ಯಾಕ್ ಬಾಗಿಲು ತೆಗೆದೆ. ಆಫೀಸಿನ ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳು, ಅಂದರೆ ಸ್ವಿಚ್‌ಗಳು, ಅಲ್ಲಿ ಎರಡಿದ್ದವು. ಎರಡರ ದೀಪಗಳೆಲ್ಲ ಒಂದೇ ತಾಳಕ್ಕೆ ಪಟಪಟ ಮಿಣುಕುತ್ತಿದ್ದವು. ಬೇರೆ ದಿನಗಳಲ್ಲಿ ಒಂದೊಂದು ದೀಪ ತನ್ನ ಪಾಡಿಗೆ ತಾನು ಮಿಣುಕುತ್ತದೆ. ಒಂದು ಸುಮ್ಮನಿರುತ್ತದೆ, ಇನ್ನೊಂದು ಆಗಾಗ ಎದ್ದು ಕೂರುತ್ತದೆ. ಎಲ್ಲವೂ ಒಟ್ಟಿಗೆ, ಬಿಡುವೇ ಇಲ್ಲದೆ ಹಾರುತ್ತಿದ್ದರೆ ಎಲ್ಲೋ ಲೂಪ್ (ಕೇಬಲ್‌ಗಳು ಸೇರಿ ಮುಚ್ಚಿದ ಸುತ್ತು) ಆಗಿದೆ ಎಂದೇ ಅರ್ಥ.

ಆಗಿದ್ದೂ ಅದೇ. ಅಲ್ಲಿನ ಹುಡುಗ ಎರಡು ಸ್ವಿಚ್‌ಗಳ ನಡುವೆ ಇನ್ನೊಂದು ಪ್ಯಾಚ್ ಕಾರ್ಡ್ ಹಾಕಿದ್ದ. "ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಹಾಕ್ದೆ ಸಾರ್," ಅಂದ. ಅವನ ಯೋಚನೆ ಸರಿಯಾಗಿಯೇ ಇತ್ತು. ಆದರೆ ಸ್ವಿಚ್‌ಗೆ ಹೇಳದೆ ಕೇಬಲ್ ಹಾಕಿದ್ದ. ಹೇಳಿದರೂ ಕೇಳುವ ಸ್ವಿಚ್‌ಗಳು ಅಲ್ಲಿ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಹಾಗಾಗಿ ಈ ಲೇಖನದಲ್ಲಿ ಕ್ರಮವೇ ಮುಖ್ಯ. ಮೊದಲು ಸ್ವಿಚ್‌ಗೆ ಹೇಳಬೇಕು. ಆಮೇಲೆ ಕೇಬಲ್ ಹಾಕಬೇಕು. ಕೊನೆಗೆ ನಮ್ಮ ಕೈಯಿಂದಲೇ ಆ ಕೇಬಲ್ ಕಿತ್ತು ನೋಡಬೇಕು. ಮೂರನೆಯದನ್ನು ಮಾಡುವವರು ತುಂಬಾ ಕಡಿಮೆ. ನನಗೆ ಬೇಜಾರಾಗುವುದು ಅಲ್ಲೇ.

ಸುಮ್ನೆ ಎರಡನೇ ಕೇಬಲ್ ಹಾಕಿದರೆ ಏನಾಗುತ್ತದೆ?

ಒಂದು ಕಂಪ್ಯೂಟರ್ "ಈ ಐಪಿ ಯಾರದು?" ಎಂದು ಕೇಳಿದಾಗ (ಐಪಿ ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಯಂತ್ರದ ವಿಳಾಸ) ಆ ಪ್ರಶ್ನೆ ಎಲ್ಲರಿಗೂ ಹೋಗಬೇಕು. ಇದು ಬ್ರಾಡ್‌ಕಾಸ್ಟ್. ಸ್ವಿಚ್ ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಹಂಚುತ್ತದೆ. ನಡುವೆ ಎರಡು ಕೇಬಲ್ ಇದ್ದರೆ ಅದೇ ಪ್ರಶ್ನೆ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಬಂದದ್ದನ್ನು ಸ್ವಿಚ್ ಮತ್ತೆ ಹಂಚುತ್ತದೆ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಎಂಬ ಆಯಸ್ಸು ಇದೆ, ಇಷ್ಟು ರೂಟರ್ ದಾಟಿದ ಮೇಲೆ ಸಾಯುತ್ತದೆ. ಅದನ್ನು ಕೇಬಲ್‌ನಲ್ಲಿ ಹೊತ್ತೊಯ್ಯುವ ಈಥರ್ನೆಟ್ ಫ್ರೇಮ್‌ಗೆ ಅಂಥ ಆಯಸ್ಸೇ ಇಲ್ಲ. ಸುತ್ತಲು ಶುರು ಮಾಡಿದರೆ ಯಾರಾದರೂ ಕೇಬಲ್ ಕೀಳುವವರೆಗೆ ಸುತ್ತುತ್ತಲೇ ಇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಬೇರೆ ಯಾವ ಮಾತಿಗೂ ಜಾಗ ಇರುವುದಿಲ್ಲ.

ಇದಕ್ಕೆ ಮದ್ದು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಇದ್ದಾಗ. ಅದೇ ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಯಜಮಾನ ಎಂದು ಒಪ್ಪಿಕೊಳ್ಳುತ್ತವೆ. ಇದನ್ನು ರೂಟ್ ಎನ್ನುತ್ತಾರೆ. ಆಮೇಲೆ ಹೆಚ್ಚುವರಿ ದಾರಿಗಳನ್ನು ಮುಚ್ಚಿಡುತ್ತವೆ. ತೆರೆದ ದಾರಿ ಕೆಟ್ಟರೆ ಮುಚ್ಚಿದ್ದು ತೆರೆದುಕೊಳ್ಳುತ್ತದೆ. ಹಳೆಯ ಸ್ಪ್ಯಾನಿಂಗ್ ಟ್ರೀಗೆ ಇದಕ್ಕೆ 30ರಿಂದ 50 ಸೆಕೆಂಡು ಬೇಕಿತ್ತು. 2001ರಲ್ಲಿ ಬಂದ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಅಂದರೆ ಆರ್‌ಎಸ್‌ಟಿಪಿ, ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿಸುತ್ತದೆ. ಇವತ್ತು ಹೊಸದಾಗಿ ಹಾಕುವಾಗ ಹಳೆಯದನ್ನು ಆರಿಸಿಕೊಳ್ಳಲು ಯಾವ ಕಾರಣವೂ ಇಲ್ಲ.

ಮೊದಲ ಹೆಜ್ಜೆ: ಕಾಗದ, ಪೆನ್ನು, ಆಮೇಲೆ ಎಸ್‌ಪಿ ರೋಡು

ಯಾವುದು ಕೆಟ್ಟರೆ ನಿಮ್ಮ ಕೆಲಸ ನಿಲ್ಲಬಾರದು? ಕೇಬಲ್ಲಾ? ಪೂರ್ತಿ ಸ್ವಿಚ್ಚಾ? ಕರೆಂಟಾ? ಮೂರಕ್ಕೂ ಬೇರೆಬೇರೆ ಉತ್ತರ ಇದೆ. ಒಂದು ಹಾಳೆಯಲ್ಲಿ ಎರಡು ಚೌಕ ಬರೆಯಿರಿ. ಎ ಸ್ವಿಚ್, ಬಿ ಸ್ವಿಚ್. ಫೈರ್‌ವಾಲ್, ಸರ್ವರ್, ವೈಫೈ ಆ್ಯಕ್ಸೆಸ್ ಪಾಯಿಂಟ್, ಪ್ರಿಂಟರ್ ಎಲ್ಲೆಲ್ಲಿ ಕೂರುತ್ತವೆ ಎಂದು ಗೆರೆ ಎಳೆಯಿರಿ. ಈಗ ಒಂದು ಚೌಕವನ್ನು ಬೆರಳಿನಿಂದ ಮುಚ್ಚಿ. ಏನೇನು ಸತ್ತಿತು ಎಂದು ನೋಡಿ. ಹತ್ತು ನಿಮಿಷದ ಕೆಲಸ, ಆದರೆ ದುಡ್ಡು ಎಲ್ಲಿ ಹಾಕಬೇಕು ಅನ್ನೋದನ್ನು ಇದೇ ಹೇಳುತ್ತದೆ.

ಹೀಗೆ ಮುಚ್ಚಿ ನೋಡಿದಾಗ ಒಂದು ಮಾತು ಗೊತ್ತಾಗುತ್ತದೆ. ಎ ಸ್ವಿಚ್ ಹೋದರೆ ಅದಕ್ಕೆ ಮಾತ್ರ ಚುಚ್ಚಿರುವ ಕಂಪ್ಯೂಟರ್‌ಗಳು ಹೋಗಿಯೇ ಹೋಗುತ್ತವೆ. ಎರಡು ಸ್ವಿಚ್‌ಗಳ ನಡುವೆ ಎಷ್ಟು ಕೇಬಲ್ ಇದ್ದರೂ ಅವು ಉಳಿಯುವುದಿಲ್ಲ. ಎರಡೂ ಕಡೆ ಕಾಲಿಟ್ಟವಕ್ಕೆ ಮಾತ್ರ ರಕ್ಷಣೆ. ಅದಕ್ಕೇ ನಾನು ಹಂಚಿ ಹಾಕುತ್ತೇನೆ. ಅಕೌಂಟ್ಸ್‌ನ ಅರ್ಧ ಮಂದಿ ಎಗೆ, ಇನ್ನರ್ಧ ಬಿಗೆ. ಆ್ಯಕ್ಸೆಸ್ ಪಾಯಿಂಟ್‌ಗಳು ಒಂದು ಬಿಟ್ಟು ಒಂದು. ಆಗ ಒಂದು ಸ್ವಿಚ್ ಹೋದರೂ ಎಲ್ಲ ವಿಭಾಗದಲ್ಲೂ ಯಾರಾದರೂ ಒಬ್ಬರು ಕೆಲಸ ಮಾಡುತ್ತಿರುತ್ತಾರೆ, ವೈಫೈ ಕೂಡ ಪೂರ್ತಿ ಹೋಗುವುದಿಲ್ಲ. ಎರಡೂ ಸ್ವಿಚ್‌ನಲ್ಲಿ ನಾಲ್ಕೈದು ಪೋರ್ಟ್ ಖಾಲಿ ಬಿಡಿ, ಆಪತ್ತಿನಲ್ಲಿ ಆ ಕಡೆಯದನ್ನು ಈ ಕಡೆ ಚುಚ್ಚಬಹುದು. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವುದು) ಇದ್ದರೆ ಒಟ್ಟು ವ್ಯಾಟ್ ಲೆಕ್ಕ ನೋಡಿ. ಪೋರ್ಟ್ ಖಾಲಿ ಇದ್ದು ಪವರ್ ಸಾಲದೆ ಕ್ಯಾಮೆರಾ ಏಳದೇ ಇರುವುದು ಮಾಮೂಲಿ.

ಈಗ ಖರೀದಿ. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಸುಮ್ನೆ "24 ಪೋರ್ಟ್ ಸ್ವಿಚ್ ಕೊಡಿ" ಅಂದರೆ ಅನ್‌ಮ್ಯಾನೇಜ್ಡ್, ಅಂದರೆ ನಾವು ಏನೂ ಹೇಳಲಾಗದ ಸ್ವಿಚ್ ಕೊಡುವುದೇ ಜಾಸ್ತಿ. ಬೆಲೆ ಕಡಿಮೆ, ಆದರೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಮ್ಯಾನೇಜ್ಡ್ ಎಂದು ಕೇಳಿ. ಅಷ್ಟೂ ಸಾಲದು. ಡೇಟಾ ಶೀಟ್ ತೆಗೆಸಿ ಎರಡು ಹೆಸರು ಹುಡುಕಿ: ಆರ್‌ಎಸ್‌ಟಿಪಿ ಮತ್ತು ಎಲ್‌ಎಸಿಪಿ (ಹಲವು ಕೇಬಲ್ ಹೊಸೆದು ಒಂದು ಮಾಡುವುದು, ಮೂರನೇ ಹೆಜ್ಜೆಯಲ್ಲಿ ಬರುತ್ತದೆ). 'ಸ್ಮಾರ್ಟ್' ಎಂದು ಡಬ್ಬದ ಮೇಲೆ ಬರೆದಿರುವ ಕೆಲವು ಅಗ್ಗದ ಸ್ವಿಚ್‌ಗಳಲ್ಲಿ ವಿಎಲ್ಯಾನ್ (ಒಂದೇ ಸ್ವಿಚ್ ಒಳಗೆ ಹಲವು ಪ್ರತ್ಯೇಕ ನೆಟ್‌ವರ್ಕ್ ಮಾಡುವುದು) ಇರುತ್ತದೆ, ಇವೆರಡು ಇರುವುದಿಲ್ಲ. ಸಾಧ್ಯವಾದರೆ ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್ ತಗೊಳ್ಳಿ. ಬೇರೆಬೇರೆ ಕಂಪನಿಯವೂ ಜೊತೆಗೆ ಕೆಲಸ ಮಾಡುತ್ತವೆ, ಯಾಕೆಂದರೆ ಇವು ಎಲ್ಲರಿಗೂ ಒಂದೇ ಆದ ಮಾನದಂಡಗಳು. ಆದರೆ ರಾತ್ರಿ ಹನ್ನೊಂದಕ್ಕೆ ಎರಡು ಥರದ ಮೆನುಗಳ ನಡುವೆ ಒದ್ದಾಡುವುದು ಬೇಡ ಅಲ್ವಾ?

ಎರಡು ಸ್ವಿಚ್ ಒಂದೇ ರ‍್ಯಾಕ್‌ನಲ್ಲಿದ್ದರೆ ಕ್ಯಾಟ್ 6 ತಾಮ್ರದ ಕೇಬಲ್ ಸಾಕು. ಪೀಣ್ಯದ ಶೆಡ್‌ಗಳ ಹಾಗೆ ಎರಡು ಕಟ್ಟಡಗಳ ನಡುವೆ ಆದರೆ ಫೈಬರ್ ಎಳೆಸಿ. ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ ಇದೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಗುಡುಗು, ಮಿಂಚು. ಎರಡು ಕಟ್ಟಡದ ಅರ್ತಿಂಗ್ ಬೇರೆ ಇದ್ದಾಗ ಏಪ್ರಿಲ್, ಮೇ ಮಳೆಯಲ್ಲಿ ತಾಮ್ರದ ಕೇಬಲ್ ಎರಡೂ ತುದಿಯ ಪೋರ್ಟ್‌ಗಳನ್ನು ಸುಟ್ಟುಹಾಕಬಹುದು. ಫೈಬರ್‌ನಲ್ಲಿ ಹರಿಯುವುದು ಬೆಳಕು, ಆ ಭಯ ಇಲ್ಲ.

ಎರಡನೇ ಹೆಜ್ಜೆ: ಯಜಮಾನ ಯಾರು ಎಂದು ನೀವೇ ಹೇಳಿ

ಕೆಲಸಕ್ಕೆ ಭಾನುವಾರ ಬೆಳಿಗ್ಗೆ ಒಳ್ಳೆಯದು. ಎರಡೂ ಸ್ವಿಚ್‌ನ ಈಗಿನ ಕಾನ್ಫಿಗರೇಶನ್ ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್‌ಗೆ ಜೋಡಿಸುವ ಕನ್ಸೋಲ್ ಕೇಬಲ್ ಕೈಯಲ್ಲಿರಲಿ. ನೆಟ್‌ವರ್ಕ್ ಮೂಲಕವೇ ಸ್ವಿಚ್ ಒಳಗೆ ಹೋಗಿ ನೆಟ್‌ವರ್ಕ್ ಬದಲಾಯಿಸುವಾಗ ಕೂತ ಕೊಂಬೆಯನ್ನೇ ಕಡಿದುಕೊಳ್ಳುವ ಅಪಾಯ ಇರುತ್ತದೆ.

ಎರಡರಲ್ಲೂ ಆರ್‌ಎಸ್‌ಟಿಪಿ ಆನ್ ಮಾಡಿ. ಈಗ ಬ್ರಿಡ್ಜ್ ಪ್ರಯಾರಿಟಿ ಎಂಬ ಸಂಖ್ಯೆ ಕಾಣುತ್ತದೆ. ತಯಾರಾಗಿ ಬರುವಾಗ ಎಲ್ಲ ಸ್ವಿಚ್‌ನಲ್ಲೂ ಅದು 32768 ಇರುತ್ತದೆ. ಕಡಿಮೆ ಸಂಖ್ಯೆ ಇದ್ದವರು ಯಜಮಾನ. ಎಲ್ಲರದ್ದೂ ಒಂದೇ ಆದರೆ ಚಿಕ್ಕ ಮ್ಯಾಕ್ ವಿಳಾಸ (ತಯಾರಕರು ಪೆಟ್ಟಿಗೆಗೆ ಕೊಟ್ಟ ಗುರುತಿನ ಸಂಖ್ಯೆ) ಇದ್ದವರು ಗೆಲ್ಲುತ್ತಾರೆ. ಹಾಗೆ ಬಿಟ್ಟರೆ ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೆಯ ಸ್ವಿಚ್ ಯಜಮಾನನಾಗಿ, ಇಡೀ ಆಫೀಸಿನ ಟ್ರಾಫಿಕ್ ಅದರ ಮೂಲಕ ಸುತ್ತಿ ಹೋಗಬಹುದು. ಎ ಸ್ವಿಚ್‌ಗೆ 4096, ಬಿ ಸ್ವಿಚ್‌ಗೆ 8192 ಕೊಡಿ. ಈ ಸಂಖ್ಯೆ 4096ರ ಮಗ್ಗಿಯಲ್ಲೇ ಇರಬೇಕು, ಬೇರೆ ಕೊಟ್ಟರೆ ಸ್ವಿಚ್ ಒಪ್ಪುವುದಿಲ್ಲ. ಈಗ ಎ ಯಜಮಾನ. ಅದು ಬಿದ್ದರೆ ಬಿ.

ಮೂರನೇ ಹೆಜ್ಜೆ: ಎರಡು ಕೇಬಲ್ ಸೇರಿಸಿ ಒಂದು ಹಗ್ಗ

ಸ್ಪ್ಯಾನಿಂಗ್ ಟ್ರೀ ಮಾತ್ರ ಇದ್ದರೂ ಎರಡು ಕೇಬಲ್ ಹಾಕಬಹುದು. ಆದರೆ ಒಂದು ಸುಮ್ಮನೆ ಮುಚ್ಚಿಕೊಂಡು ಕೂತಿರುತ್ತದೆ. ಅದಕ್ಕಿಂತ ಎರಡನ್ನೂ ಹೊಸೆದು ಒಂದೇ ಲಿಂಕ್ ಮಾಡುವುದು ಚೆನ್ನ. ಇದು ಲಿಂಕ್ ಅಗ್ರಿಗೇಶನ್. ಸ್ವಿಚ್‌ಗಳು ಈ ಬಗ್ಗೆ ಪರಸ್ಪರ ಮಾತಾಡುವ ಭಾಷೆಯೇ ಎಲ್‌ಎಸಿಪಿ, 2000ನೇ ಇಸವಿಯಲ್ಲಿ 802.3ಎಡಿ ಎಂಬ ಹೆಸರಿನಲ್ಲಿ ಮಾನದಂಡವಾಯಿತು. ಈಗಲೂ ಎಷ್ಟೋ ಮೆನುಗಳಲ್ಲಿ ಆ ಹೆಸರೇ ಇದೆ. ಸ್ಪ್ಯಾನಿಂಗ್ ಟ್ರೀ ಕಣ್ಣಿಗೆ ಆ ಹಗ್ಗ ಒಂದೇ ಪೋರ್ಟ್, ಹಾಗಾಗಿ ಏನನ್ನೂ ಮುಚ್ಚುವುದಿಲ್ಲ. ಎರಡು ಕೇಬಲ್ಲೂ ದುಡಿಯುತ್ತವೆ. ಒಂದು ಹೋದರೆ ಉಳಿದದ್ದು ಹೊರುತ್ತದೆ.

ಹೆಸರುಗಳ ಬಗ್ಗೆ ಎಚ್ಚರ. ಸಿಸ್ಕೊ ಕಂಪನಿಯ ಸ್ವಿಚ್‌ಗಳಲ್ಲಿ ಇದು ಪೋರ್ಟ್ ಚಾನೆಲ್ ಅಥವಾ ಈಥರ್‌ಚಾನೆಲ್. ಬೇರೆ ಹಲವರಲ್ಲಿ ಲ್ಯಾಗ್. ಮೈಕ್ರೋಟಿಕ್‌ನಲ್ಲಿ ಬಾಂಡಿಂಗ್. ಎಚ್‌ಪಿಯ ಹಳೆಯ ಪ್ರೊಕರ್ವ್ ಸಾಲಿನಲ್ಲಿ ಟ್ರಂಕ್. ಅದೇ ಟ್ರಂಕ್ ಅಂದರೆ ಸಿಸ್ಕೊದಲ್ಲಿ ಹಲವು ವಿಎಲ್ಯಾನ್ ಹೊರುವ ಪೋರ್ಟ್! ಫೋನಿನಲ್ಲಿ ಒಬ್ಬರು "ಟ್ರಂಕ್ ಮಾಡಿ" ಅಂದು ಇನ್ನೊಬ್ಬರು ಬೇರೆಯದೇ ಮಾಡಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮಾಡುವ ವಿಧಾನ ಹೀಗೆ. ಸ್ವಿಚ್‌ಗಳ ನಡುವೆ ಈಗಾಗಲೇ ಒಂದು ಕೇಬಲ್ ಇದ್ದರೆ ಅದನ್ನೂ ತೆಗೆದುಬಿಡಿ. ಎ ಸ್ವಿಚ್‌ನಲ್ಲಿ 23 ಮತ್ತು 24ನೇ ಪೋರ್ಟ್ ಆರಿಸಿ ಲ್ಯಾಗ್ 1ಕ್ಕೆ ಸೇರಿಸಿ, ಮೋಡ್ ಎಲ್‌ಎಸಿಪಿ ಆ್ಯಕ್ಟಿವ್ ಇಡಿ. ಸಿಸ್ಕೊ ಆದರೆ ಆ ಎರಡು ಪೋರ್ಟ್‌ಗಳ ಮೇಲೆ 'ಚಾನೆಲ್-ಗ್ರೂಪ್ 1 ಮೋಡ್ ಆ್ಯಕ್ಟಿವ್' ಎನ್ನುವ ಕಮಾಂಡ್. ಬಿ ಸ್ವಿಚ್‌ನಲ್ಲೂ ಹಾಗೇ ಮಾಡಿ. ಎರಡೂ ಕಡೆ ಪ್ಯಾಸಿವ್ ಇಟ್ಟರೆ ನೀನು ಮೊದಲು ಮಾತಾಡು ಎಂದು ಇಬ್ಬರೂ ಕಾಯುತ್ತಾ ಕೂರುತ್ತಾರೆ, ಲಿಂಕ್ ಕೂಡುವುದೇ ಇಲ್ಲ. ಎರಡು ಪೋರ್ಟ್‌ನ ವೇಗ ಒಂದೇ ಇರಬೇಕು. ವಿಎಲ್ಯಾನ್‌ಗಳನ್ನು ಬಿಡಿ ಪೋರ್ಟ್‌ಗಳ ಮೇಲೆ ಅಲ್ಲ, ಲ್ಯಾಗ್ ಮೇಲೆ ಸೇರಿಸಿ. ನೇಟಿವ್ ವಿಎಲ್ಯಾನ್ (ಗುರುತು ಚೀಟಿ ಇಲ್ಲದ ಟ್ರಾಫಿಕ್ ಸೇರುವ ವಿಎಲ್ಯಾನ್) ಎರಡೂ ತುದಿಯಲ್ಲಿ ಒಂದೇ ಇದೆಯಾ ಎಂದು ಇನ್ನೊಮ್ಮೆ ನೋಡಿ.

ಈಗ ಒಂದು ಕೇಬಲ್ ಹಾಕಿ. ಸ್ವಲ್ಪ ಹೊತ್ತು ಕಾಯಿರಿ. ಸಿಸ್ಕೊದಲ್ಲಿ 'ಶೋ ಈಥರ್‌ಚಾನೆಲ್ ಸಮ್ಮರಿ' ಕೊಟ್ಟರೆ ಪೋರ್ಟ್ ಹೆಸರಿನ ಪಕ್ಕ 'ಪಿ' ಅಕ್ಷರ ಬರಬೇಕು, ಅಂದರೆ ಹಗ್ಗದಲ್ಲಿ ಸೇರಿದೆ. ಚಿಕ್ಕಕ್ಷರದ 'ಎಸ್' ಬಂದರೆ ತಡೆಹಿಡಿದಿದೆ, 'ಐ' ಬಂದರೆ ಒಂಟಿಯಾಗಿದೆ. ಆ ಎರಡರಲ್ಲಿ ಯಾವುದು ಬಂದರೂ ಎರಡನೇ ಕೇಬಲ್ ಮುಟ್ಟಬೇಡಿ, ಮೊದಲು ಎರಡೂ ಕಡೆಯ ಸೆಟ್ಟಿಂಗ್ ಹೋಲಿಸಿ. ಸರಿಯಾದ ಮೇಲೆ ಎರಡನೆಯದನ್ನು ಹಾಕಿ.

ಮೆನುವಿನಲ್ಲಿ 'ಸ್ಟ್ಯಾಟಿಕ್' ಅಥವಾ 'ಆನ್' ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದು ಸುಲಭ ಅನ್ನಿಸುತ್ತದೆ, ತಕ್ಷಣ ಹಸಿರು ದೀಪ ಬರುತ್ತದೆ. ದಯವಿಟ್ಟು ಬೇಡ. ಅದರಲ್ಲಿ ಸ್ವಿಚ್ ಆಚೆ ಕಡೆ ಯಾರಿದ್ದಾರೆ ಎಂದು ಕೇಳುವುದೇ ಇಲ್ಲ. ಕಟ್ಟಡಗಳ ನಡುವೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ಲನ್ನು ಫೈಬರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಹಾಕಿರುವ ಕಡೆ ಇದು ತುಂಬಾ ಕಾಡುತ್ತದೆ. ಹೊರಗೆ ಜೆಸಿಬಿ ಅಗೆದು ಫೈಬರ್ ತುಂಡಾದರೂ ಸ್ವಿಚ್‌ನಿಂದ ಕನ್ವರ್ಟರ್‌ವರೆಗಿನ ತುಂಡು ಕೇಬಲ್ ಚೆನ್ನಾಗಿಯೇ ಇರುತ್ತದೆ. ಕನ್ವರ್ಟರ್‌ನಲ್ಲಿ ಲಿಂಕ್ ಹೋದದ್ದನ್ನು ದಾಟಿಸುವ ಸೌಲಭ್ಯ ಇಲ್ಲದಿದ್ದರೆ ಸ್ವಿಚ್ ಕಡೆ ದೀಪ ಹಸಿರಾಗಿಯೇ ಉರಿಯುತ್ತದೆ, ಸ್ವಿಚ್ ಅರ್ಧ ಟ್ರಾಫಿಕ್ಕನ್ನು ಆ ಗುಂಡಿಗೆ ಸುರಿಯುತ್ತಲೇ ಇರುತ್ತದೆ. ಆಗ ಬರುವ ದೂರು ವಿಚಿತ್ರ: "ನನಗೆ ಬರ್ತಿದೆ, ಪಕ್ಕದವರಿಗೆ ಬರ್ತಿಲ್ಲ." ಎಲ್‌ಎಸಿಪಿ ಇದ್ದರೆ ಆಚೆಯಿಂದ ಮಾತು ನಿಂತದ್ದು ಗೊತ್ತಾಗಿ ಆ ಕೇಬಲ್ಲನ್ನು ಕೈಬಿಡುತ್ತದೆ. ಸ್ಲೋ ಟೈಮರ್‌ನಲ್ಲಿ ಇದಕ್ಕೆ 90 ಸೆಕೆಂಡು, ಫಾಸ್ಟ್‌ನಲ್ಲಿ 3 ಸೆಕೆಂಡು. ಕನ್ವರ್ಟರ್ ಇರುವಲ್ಲಿ ಫಾಸ್ಟ್ ಇಡಿ. ಕನ್ವರ್ಟರ್ ಬಿಟ್ಟು ನೇರವಾಗಿ ಸ್ವಿಚ್‌ಗೇ ಎಸ್‌ಎಫ್‌ಪಿ (ಫೈಬರ್ ಚುಚ್ಚುವ ಪುಟ್ಟ ಮಾಡ್ಯೂಲ್) ಹಾಕಿದರೆ ಇನ್ನೂ ನೆಮ್ಮದಿ.

ಇನ್ನೊಂದು ನಿರೀಕ್ಷೆ ಸರಿಮಾಡಿಕೊಳ್ಳಿ. 1 ಗಿಗಾಬಿಟ್‌ನ ಎರಡು ಕೇಬಲ್ ಸೇರಿದರೆ ಒಂದು ಫೈಲ್ ಕಾಪಿ 2 ಗಿಗಾಬಿಟ್ ವೇಗದಲ್ಲಿ ಓಡುವುದಿಲ್ಲ. ಒಂದು ಸಂಭಾಷಣೆ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ಮಂದಿ ಜಾಸ್ತಿ ಇದ್ದಾಗ ಹಂಚಿಕೆ ಆಗುತ್ತದೆ, ಅಷ್ಟೇ.

ನಾಲ್ಕನೇ ಹೆಜ್ಜೆ: ಮೇಜಿನ ಪೋರ್ಟ್‌ಗಳಿಗೆ ಕಾವಲು

ಮೇಜಿನ ಮೇಲಿನ ಐಪಿ ಫೋನ್‌ಗೆ ಎರಡು ಪೋರ್ಟ್ ಇರುತ್ತವೆ, ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರ್‌ಗೆ. ಸ್ವಚ್ಛ ಮಾಡುವಾಗ ಯಾರೋ ಸಡಿಲವಾಗಿ ನೇತಾಡುತ್ತಿದ್ದ ಇನ್ನೊಂದು ತುದಿಯನ್ನೂ ಗೋಡೆಗೆ ಚುಚ್ಚಿದರೆ ಅಲ್ಲೇ ಒಂದು ಲೂಪ್ ತಯಾರು. ಕಂಪ್ಯೂಟರ್, ಫೋನ್ ಇರುವ ಪೋರ್ಟ್‌ಗಳನ್ನೆಲ್ಲ ಎಡ್ಜ್ ಪೋರ್ಟ್ (ಆಚೆ ಸ್ವಿಚ್ ಇಲ್ಲದ ಕೊನೆಯ ಪೋರ್ಟ್) ಮಾಡಿ, ಜೊತೆಗೆ ಬಿಪಿಡಿಯು ಗಾರ್ಡ್ ಆನ್ ಮಾಡಿ. ಬಿಪಿಡಿಯು ಅಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್‌ಗಳು ಕಳಿಸುವ ಸಂದೇಶ. ಸಿಸ್ಕೊದಲ್ಲಿ ಎಡ್ಜ್‌ಗೆ ಪೋರ್ಟ್‌ಫಾಸ್ಟ್ ಎಂದು ಹೆಸರು. ಆ ಪೋರ್ಟ್‌ನಿಂದ ಇನ್ನೊಂದು ಸ್ವಿಚ್‌ನ ಮಾತು ಕೇಳಿಸಿದರೆ ಗಾರ್ಡ್ ಪೋರ್ಟ್ ಅನ್ನು ಕೂಡಲೇ ಬಂದ್ ಮಾಡುತ್ತದೆ. ಎ ಮತ್ತು ಬಿ ನಡುವಿನ ಲ್ಯಾಗ್ ಮೇಲೆ ಮಾತ್ರ ಇದನ್ನು ಹಾಕಲೇಬೇಡಿ.

ಐದನೇ ಹೆಜ್ಜೆ: ಸರ್ವರ್‌ಗೆ ಎರಡು ಕಾಲು

ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಪೋರ್ಟ್ ಇದ್ದರೆ ಒಂದು ಎಗೆ, ಒಂದು ಬಿಗೆ. ಇಲ್ಲಿ ಎಲ್‌ಎಸಿಪಿ ಬೇಡ, ಯಾಕೆಂದರೆ ಎ ಮತ್ತು ಬಿ ಎರಡು ಬೇರೆ ಸ್ವಿಚ್‌ಗಳು, ಒಂದೇ ಹಗ್ಗದ ಎರಡು ಎಳೆಯನ್ನು ಇಬ್ಬರು ಹಿಡಿಯುವುದಕ್ಕೆ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಬಾಂಡಿಂಗ್ ಮೋಡ್ 1, ಅಂದರೆ ಆ್ಯಕ್ಟಿವ್-ಬ್ಯಾಕಪ್ ಆರಿಸಿ, ಎಂಐಐಮಾನ್ 100 ಕೊಡಿ. ಪ್ರತಿ 100 ಮಿಲಿಸೆಕೆಂಡಿಗೆ ಲಿಂಕ್ ಇದೆಯಾ ಎಂದು ನೋಡುತ್ತದೆ. ಅಪ್‌ಡಿಲೇ (ಲಿಂಕ್ ವಾಪಸ್ ಬಂದ ಮೇಲೆ ಬಳಸುವ ಮುನ್ನ ಕಾಯುವ ಸಮಯ) ಕೂಡ ಸ್ವಲ್ಪ ಜಾಸ್ತಿ ಇಡಿ. ಸ್ವಿಚ್ ರೀಬೂಟ್ ಆಗುವಾಗ ಕೆಲವು ಸಲ ಪೋರ್ಟ್ ದೀಪ ಮೊದಲು ಬರುತ್ತದೆ, ಸ್ವಿಚ್ ಕೆಲಸಕ್ಕೆ ತಯಾರಾಗುವುದು ಆಮೇಲೆ. ಅಷ್ಟರಲ್ಲಿ ಸರ್ವರ್ ಆ ಕಡೆ ಹಾರಿದರೆ ಮಾತು ಗಾಳಿಗೆ ಹೋಗುತ್ತದೆ.

ಎರಡು ಸ್ವಿಚ್‌ಗೂ ಸೇರಿ ಒಂದೇ ಲ್ಯಾಗ್ ಬೇಕೇ ಬೇಕು ಅಂದರೆ ಸ್ಟ್ಯಾಕಿಂಗ್ ಅಥವಾ ಎಂಲ್ಯಾಗ್ ಇರುವ ಸ್ವಿಚ್ ಬೇಕು. ಸ್ಟ್ಯಾಕ್‌ನಲ್ಲಿ ಎರಡೂ ಸೇರಿ ಒಂದೇ ತಲೆ. ನೋಡಿಕೊಳ್ಳಲು ಸುಲಭ, ಆದರೆ ಸಾಫ್ಟ್‌ವೇರ್ ಅಪ್‌ಡೇಟ್ ಸಮಯದಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಎರಡೂ ಒಟ್ಟಿಗೆ ಮಲಗುತ್ತವೆ. ಎಂಲ್ಯಾಗ್‌ನಲ್ಲಿ ತಲೆ ಎರಡು, ಕೈ ಮಾತ್ರ ಜೋಡಿಸಿಕೊಂಡಿರುತ್ತವೆ. ನಲವತ್ತು ಜನರ ಆಫೀಸಿಗೆ ಆ ಖರ್ಚು ಬೇಡ ಅನ್ನೋದು ನನ್ನ ಅಭಿಪ್ರಾಯ.

ಮೇಲಿನ ಮಹಡಿಗೆ ಮೂರನೇ ಸ್ವಿಚ್ ಇದ್ದರೆ ಅದರಿಂದ ಒಂದು ಕೇಬಲ್ ಎಗೆ, ಒಂದು ಬಿಗೆ ಎಳೆಯಿರಿ, ಆರ್‌ಎಸ್‌ಟಿಪಿ ಒಂದನ್ನು ಮುಚ್ಚಿಟ್ಟುಕೊಳ್ಳುತ್ತದೆ. ಗೇಟ್‌ವೇ (ಆಫೀಸಿನಿಂದ ಹೊರಗಿನ ನೆಟ್‌ಗೆ ಹೋಗುವ ಬಾಗಿಲು) ಕೂಡ ಎರಡು ಬೇಕಾದರೆ ವಿಆರ್‌ಆರ್‌ಪಿ ಇದೆ. ಎರಡು ಪೆಟ್ಟಿಗೆಗಳಿಗೆ ಒಂದೇ ಐಪಿ, ಒಂದು ಹೊತ್ತಿರುತ್ತದೆ, ಅದು ಬಿದ್ದರೆ ಇನ್ನೊಂದು ಹೊರುತ್ತದೆ.

ಆರನೇ ಹೆಜ್ಜೆ: ಕರೆಂಟು ಮತ್ತು ದಾರಿ

ಎರಡು ಸ್ವಿಚ್ ಇಟ್ಟು ಎರಡರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಚುಚ್ಚಿದ್ದನ್ನು ನೋಡಿದ್ದೇನೆ. ಹೌಸ್‌ಕೀಪಿಂಗ್‌ನವರು ವ್ಯಾಕ್ಯೂಮ್ ಕ್ಲೀನರ್ ಹಾಕಲು ಆ ಬಾಕ್ಸ್ ತೆಗೆದರು, ಎರಡೂ ಒಟ್ಟಿಗೆ ಆರಿದವು. ಎ ಒಂದು ಯುಪಿಎಸ್‌ಗೆ, ಬಿ ಇನ್ನೊಂದಕ್ಕೆ. ಎರಡನೇ ಯುಪಿಎಸ್‌ಗೆ ದುಡ್ಡಿಲ್ಲದಿದ್ದರೆ ಬಿಯನ್ನು ನೇರ ಬೆಸ್ಕಾಂ ಕರೆಂಟಿಗೆ ಹಾಕಿ. ಕರೆಂಟ್ ಹೋದಾಗ ಎ ಉಳಿಯುತ್ತದೆ, ಯುಪಿಎಸ್ ಕೆಟ್ಟಾಗ ಬಿ ಉಳಿಯುತ್ತದೆ.

ಕೇಬಲ್‌ಗಳ ದಾರಿಯೂ ಬೇರೆ ಇರಲಿ. ಒಂದೇ ಪೈಪಿನಲ್ಲಿ ಎರಡು ಫೈಬರ್ ಎಳೆದರೆ ಇಲಿಗೂ ಜೆಸಿಬಿಗೂ ಎರಡೂ ಒಂದೇ ಸಲ ಸಿಗುತ್ತವೆ. ಇಂಟರ್ನೆಟ್ ಲೈನ್ ಎರಡು ತಗೊಂಡಿದ್ದರೆ ಅವು ಒಂದೇ ಕಂಬದಿಂದ ಬರುತ್ತಿವೆಯಾ ಎಂದು ಹೊರಗೆ ಹೋಗಿ ಕಣ್ಣಾರೆ ನೋಡಿ.

ಏಳನೇ ಹೆಜ್ಜೆ: ಈಗ ಕೀಳಿ

ಎಗೆ ಚುಚ್ಚಿದ ಒಂದು ಕಂಪ್ಯೂಟರ್, ಬಿಗೆ ಚುಚ್ಚಿದ ಒಂದು ಕಂಪ್ಯೂಟರ್. ಎರಡರಿಂದಲೂ ಸರ್ವರ್‌ಗೆ ಬಿಡದೆ ಪಿಂಗ್ ('ಇದ್ದೀಯಾ?' ಎಂದು ಕೇಳಿ ಉತ್ತರ ನೋಡುವ ಕಮಾಂಡ್) ಓಡಿಸಿ. ವಿಂಡೋಸ್‌ನಲ್ಲಿ ಪಿಂಗ್ ಕಮಾಂಡ್‌ಗೆ ಮೈನಸ್ ಟಿ ಸೇರಿಸಿದರೆ ಓಡುತ್ತಲೇ ಇರುತ್ತದೆ. ಈಗ ಲ್ಯಾಗ್‌ನ ಮೊದಲ ಕೇಬಲ್ ಕೀಳಿ. ಒಂದು ಪಿಂಗ್ ಉತ್ತರವಿಲ್ಲದೆ ಕಳೆದು ಹೋಗಬಹುದು, ಎಷ್ಟೋ ಸಲ ಅದೂ ಇಲ್ಲ. ವಾಪಸ್ ಹಾಕಿ, ಸ್ವಲ್ಪ ಕಾದು ಎರಡನೆಯದನ್ನು ಕೀಳಿ. ಆಮೇಲೆ ಸರ್ವರ್‌ನ ಎ ಕಡೆಯ ಕೇಬಲ್. ಕೊನೆಗೆ, ಎರಡೂ ಸ್ವಿಚ್‌ನ ಕಾನ್ಫಿಗರೇಶನ್ ಸೇವ್ ಮಾಡಿಕೊಂಡು, ಎ ಸ್ವಿಚ್‌ನ ಪವರ್ ಕಾರ್ಡ್ ಎಳೆದುಬಿಡಿ. ಬಿ ಕಡೆಯ ಕಂಪ್ಯೂಟರ್‌ನಲ್ಲಿ ಒಂದೆರಡು ಪಿಂಗ್ ಹೋಗಿ ಮತ್ತೆ ಬರಬೇಕು. ಅರ್ಧ ನಿಮಿಷ ಮೀರಿ ಸುಮ್ಮನಿದ್ದರೆ ಎಲ್ಲೋ ಹಳೆಯ ಸ್ಪ್ಯಾನಿಂಗ್ ಟ್ರೀಯೇ ಓಡುತ್ತಿರುವ ಸಾಧ್ಯತೆ ಜಾಸ್ತಿ.

ಎಣಿಸುವಾಗ ಒಂದು ವಿಷಯ ನೆನಪಿರಲಿ. ವಿಂಡೋಸ್ ಪಿಂಗ್ ಉತ್ತರಕ್ಕಾಗಿ 4 ಸೆಕೆಂಡಿನವರೆಗೆ ಕಾಯುತ್ತದೆ. ಹಾಗಾಗಿ ಹೋದ ಒಂದು ಸಾಲು ಅಂದರೆ ಒಂದೇ ಸೆಕೆಂಡು ಎಂದುಕೊಳ್ಳಬೇಡಿ. ಲಿನಕ್ಸ್ ಪಿಂಗ್ ಸೆಕೆಂಡಿಗೊಂದು ಕಳಿಸುತ್ತಲೇ ಇರುತ್ತದೆ, ಲೆಕ್ಕಕ್ಕೆ ಅದೇ ಒಳ್ಳೆಯದು. ಎ ಸ್ವಿಚ್ ಮತ್ತೆ ಆನ್ ಆಗಿ ವಾಪಸ್ ಬರುವಾಗಲೂ ನೋಡುತ್ತಿರಿ. ಹೋಗುವಾಗ ಚೆನ್ನಾಗಿ ಹೋಗಿ, ಬರುವಾಗ ಎಡವುವುದು ಅಪರೂಪವೇನಲ್ಲ. ನಡುವೆ ಏನಾದರೂ ಬದಲಾಯಿಸಿದ್ದರೆ ಎಲ್ಲ ಸರಿ ಅನ್ನಿಸಿದ ಮೇಲೆ ಕಾನ್ಫಿಗರೇಶನ್ ಮತ್ತೆ ಸೇವ್ ಮಾಡಿ. ಸೇವ್ ಮಾಡದೆ ಹೋದರೆ ಮುಂದಿನ ಕರೆಂಟ್ ಕಟ್‌ಗೆ ಭಾನುವಾರದ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಎರಡು ಕೇಬಲ್ ಇರುವ ಕಡೆ ಒಂದು ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ನಡೆಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಕಾಲಿನಲ್ಲಿ ನಿಂತಿದ್ದು, ಎರಡನೆಯದು ಹೋದ ದಿನ ಎಲ್ಲ ಬಿದ್ದಾಗ "ಎರಡು ಇತ್ತಲ್ಲ ಸಾರ್" ಅನ್ನುತ್ತಾರೆ. ನೆಟ್‌ವರ್ಕ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್‌ಗಳಾದ ಜಾಬಿಕ್ಸ್, ಲಿಬ್ರೆಎನ್‌ಎಂಎಸ್ ಎರಡೂ ಉಚಿತವಾಗಿ ಸಿಗುತ್ತವೆ. ಯಾವುದಾದರೂ ಒಂದು ಹಾಕಿ, ಲ್ಯಾಗ್‌ನ ಪೋರ್ಟ್ ಬಿದ್ದರೆ ಮೊಬೈಲ್‌ಗೆ ಸಂದೇಶ ಬರುವ ಹಾಗೆ ಮಾಡಿ. ಎರಡೂ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ, 'ಎ 23, ಬಿ 23' ಎಂದು ಬರೆದ ಚೀಟಿ ಕಟ್ಟಿ. ಮೂರು ತಿಂಗಳಿಗೊಮ್ಮೆ ಕಿತ್ತು ನೋಡಿ.

ರಾಜಾಜಿನಗರದ ಆ ಆಫೀಸಿನಲ್ಲಿ ಈಗ ಈ ಪರೀಕ್ಷೆಯನ್ನು ಅದೇ ಹುಡುಗ ಮಾಡುತ್ತಾನೆ. ರ‍್ಯಾಕ್ ಬಾಗಿಲಿನ ಒಳಗೆ ಒಂದು ನೋಟ್‌ಬುಕ್ ನೇತುಹಾಕಿದ್ದಾನೆ. ಕಳೆದ ಸಲ ಹೋದಾಗ ತೆಗೆದು ನೋಡಿದೆ. ಕೊನೆಯ ಸಾಲು ಹೀಗಿತ್ತು: "ಕೇಬಲ್ 1 ತೆಗೆದೆ, ಪಿಂಗ್ ಹೋಗಿಲ್ಲ. ಕೇಬಲ್ 2 ತೆಗೆದೆ, 1 ಹೋಯ್ತು. ಎ ಆಫ್, 2 ಹೋಯ್ತು. ಯುಪಿಎಸ್ ಬ್ಯಾಟರಿ ಬದಲಾಯಿಸಬೇಕು."